ಕಿವಿಯಣ್ಣನ ಷಡ್ಡಕ

ಸಣ್ಣ ವಿಮಾನಗಳನ್ನು ರಿಪೇರಿ ಮಾಡುವ ಆ ಹ್ಯಾಂಗರಿನಲ್ಲಿ ರೇಡಿಯೋ ಕೆಲಸ ನೋಡಿಕೊಳ್ಳುವವನನ್ನು ಎಲ್ಲರೂ ಕಿವಿಯಣ್ಣ ಎಂದೇ ಕರೆಯುತ್ತಿದ್ದರು. ಹೆಡ್‌ಫೋನಿನಲ್ಲಿ ಬರುವ ಗೊರಗೊರ ಎಲ್ಲಿಯದು, ಗುಂಯ್ ಎನ್ನುವುದು ಯಾವ ತಂತಿಯದು ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದ. ಮಾತು ಕಡಿಮೆ. ಊಟದ ಡಬ್ಬಿಯನ್ನೂ ಸ್ಕ್ರೂಡ್ರೈವರುಗಳ ಸಾಲಿಗೆ ಸರಿಯಾಗಿ ಇಡುವಷ್ಟು ಅಚ್ಚುಕಟ್ಟು. ಅವನಿಗಿದ್ದ ಒಂದೇ ಕಾಯಿಲೆ ಎಂದರೆ ಅವನ ಷಡ್ಡಕ.

ಹೆಂಡತಿಯ ತಂಗಿಯ ಗಂಡ. ಅದೇ ಹ್ಯಾಂಗರಿನ ಎಂಜಿನ್ ಮೆಕ್ಯಾನಿಕ್. ಕೆಲಸಕ್ಕೆ ಸೇರಿಸಿದ್ದೂ ಕಿವಿಯಣ್ಣನೇ. ಬಂದ ವರ್ಷದೊಳಗೆ ಪೈಲಟ್‌ಗಳು ವಿಮಾನದಿಂದ ಇಳಿಯುತ್ತಲೇ ಅವನನ್ನು ಹುಡುಕುವಂತಾಯಿತು. ಅತ್ತೆಯ ಮನೆಯಲ್ಲಿ ಮೊದಲ ತಟ್ಟೆ ಹಿರಿಯಳಿಯನದಾದರೂ ಮೊದಲ ನಗು ಕಿರಿಯಳಿಯನದು. ಹೆಂಡತಿಯೂ ಬಿಡುತ್ತಿರಲಿಲ್ಲ. “ನಿಮಗೂ ಅವರ ಹಾಗೆ ನಾಲ್ಕು ಮಾತಾಡೋಕೆ ಬಂದಿದ್ರೆ ಎಷ್ಟು ಚೆನ್ನಾಗಿರ್ತಿತ್ತು,” ಅನ್ನುತ್ತಿದ್ದಳು. ಕಿವಿಯಣ್ಣ ತಲೆ ಎತ್ತದೆ ಊಟ ಮುಗಿಸಿ, ಒಳಗೊಳಗೇ ಕುದಿಯುತ್ತಿದ್ದ.

ಒಂದು ಬೆಳಗ್ಗೆ ಎರಡು ಸೀಟಿನ ವಿಮಾನವೊಂದು ಬಂತು. ರೇಡಿಯೋದಲ್ಲಿ ಬರೀ ಚಟಚಟ, ಕಂಟ್ರೋಲ್ ಟವರಿನವರ ಮಾತು ಅರ್ಧ ಕೇಳಿಸುವುದಿಲ್ಲ ಎಂದು ಪೈಲಟ್ ದೂರಿದಳು. ಷಡ್ಡಕ ದೂರದಿಂದಲೇ, “ಅದು ನಿಮ್ಮ ಖಾತೆ ಅಣ್ಣ! ನನ್ನ ಎಂಜಿನ್ನನ್ನ ಹೋದ ವಾರ ತಾನೇ ಮದುವಣಗಿತ್ತಿ ಥರ ಸಿಂಗಾರ ಮಾಡಿ ಕಳಿಸಿದೀನಿ,” ಎಂದ. ಎಲ್ಲರೂ ನಕ್ಕರು.

ಕಿವಿಯಣ್ಣ ವಿಮಾನವನ್ನು ಹೊರಗೆ ನಿಲ್ಲಿಸಿ, ಎಂಜಿನ್ ಚಾಲೂ ಮಾಡಿ, ಹೆಡ್‌ಫೋನ್ ಹಾಕಿ ಕೂತ. ದೀಪಗಳನ್ನು ಒಂದೊಂದಾಗಿ ಆರಿಸಿದ. ಸದ್ದು ಹಾಗೇ ಇತ್ತು. ಕರೆಂಟು ಉತ್ಪಾದಿಸುವ ಆಲ್ಟರ್ನೇಟರ್ ಆರಿಸಿದ, ಆಗಲೂ ಇತ್ತು. ಎಂಜಿನ್ ವೇಗ ಏರಿಸಿದರೆ ಚಟಚಟವೂ ಒತ್ತೊತ್ತಾಗಿ ಬಂತು. ಅಂದರೆ ಇದು ಕಿಡಿಯ ಸದ್ದು. ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೋಗಳು ಎರಡು, ಎಡಕ್ಕೊಂದು, ಬಲಕ್ಕೊಂದು. ಕೀಲಿಯನ್ನು ‘ಎಡ’ಕ್ಕೆ ತಿರುಗಿಸಿದರೆ ಬಲದ್ದು ಸುಮ್ಮನಾಗಿ ವೇಗ ಒಂದಿಷ್ಟು ಇಳಿಯಬೇಕು. ತಿರುಗಿಸಿದ. ವೇಗ ತೋರಿಸುವ ಮುಳ್ಳು ಅಲುಗಲಿಲ್ಲ.

ಇಂಧನ ಮುಚ್ಚಿ ಎಂಜಿನ್ ನಿಲ್ಲಿಸಿ, ಮುಚ್ಚಳ ತೆಗೆದು ನೋಡಿದ. ಷಡ್ಡಕ ಹೋದ ವಾರ ಕೂರಿಸಿದ್ದ ಬಲಗಡೆಯ ಮ್ಯಾಗ್ನೆಟೋ. ಅದರಿಂದ ಕೀಲಿಗೆ ಹೋಗುವ ತಂತಿಗೆ ಹೊದಿಸಿದ ತಾಮ್ರದ ಜಾಲರಿ ಎಲ್ಲಿಗೂ ಸೇರದೆ ಜೋತಾಡುತ್ತಿತ್ತು. ಸದ್ದು ತಡೆಯುವುದೂ ಅದೇ, ಕೀಲಿ ಆರಿಸಿದಾಗ ಮ್ಯಾಗ್ನೆಟೋದ ಬಾಯಿ ಮುಚ್ಚಿಸುವುದೂ ಅದೇ. ಈಗ ಕೀಲಿ ತೆಗೆದಿದ್ದರೂ ಪ್ರೊಪೆಲ್ಲರ್ ತಿರುಗಿಸಿದರೆ ಕಿಡಿ ಹಾರುತ್ತದೆ. ಒಳಗೆ ಚೂರು ಇಂಧನ ಉಳಿದಿದ್ದರೂ ಸಾಕು, ಅಲಗು ಕೈ ಕತ್ತರಿಸಿ ಹಾಕುತ್ತದೆ.

ಇಂಥ ಹೊತ್ತಿನಲ್ಲಿ ಮೊದಲು ಮಾಡಬೇಕಾದ್ದು ಪ್ರೊಪೆಲ್ಲರಿಗೆ ‘ಮುಟ್ಟಬೇಡಿ’ ಎಂಬ ಕೆಂಪು ಪಟ್ಟಿ ಕಟ್ಟುವುದು. ಕಟ್ಟಿದರೆ ಷಡ್ಡಕ ಓಡಿ ಬರುತ್ತಾನೆ, ಒಂದು ಜೋಕು ಹೊಡೆದು, ಯಾರಿಗೂ ತಿಳಿಯುವ ಮೊದಲೇ ಸರಿಮಾಡಿಬಿಡುತ್ತಾನೆ. ಚೀಫ್ ಎಂಜಿನಿಯರ್ ಚಹಾ ಮುಗಿಸಿ ಬರಲಿ, ಎಲ್ಲರೆದುರು ತೋರಿಸೋಣ ಎಂದುಕೊಂಡ ಕಿವಿಯಣ್ಣ. ಬಾಯಲ್ಲಿ ಸಿಹಿ ಇಟ್ಟುಕೊಂಡವನಂತೆ ಬೆಂಚಿನ ಮೇಲೆ ಕೂತು ಕಾದ.

ಬಂದದ್ದು ಚೀಫ್ ಅಲ್ಲ, ಷಡ್ಡಕ. “ಇದೇನಣ್ಣ, ದಾರಿಗೆ ಅಡ್ಡ ನಿಲ್ಲಿಸಿಬಿಟ್ಟಿದೀರಾ?” ಎನ್ನುತ್ತ, ವಿಮಾನವನ್ನು ಪಕ್ಕಕ್ಕೆ ಎಳೆಯಲು ಅಡ್ಡಿಯಾಗಿ ಕೆಳಗೆ ಚಾಚಿದ್ದ ಅಲಗನ್ನು ತಿರುಗಿಸಲು ಕೈ ನೀಡಿದ.

“ಮುಟ್ಬೇಡ!” ಕಿವಿಯಣ್ಣ ಕಿರುಚಿದ.

“ಕೀಲಿ ತೆಗೆದಿದೆಯಲ್ಲ ಅಣ್ಣ.”

“ತೆಗೆದ್ರೂ ಕಿಡಿ ಬರುತ್ತೆ! ಬಲಗಡೇದು ಆರಿಲ್ಲ. ಕೈ ತೆಗಿಯೋ!”

ಷಡ್ಡಕ ಕೈ ಹಿಂದೆಗೆದುಕೊಂಡ. ಬಗ್ಗಿ ಜಾಲರಿ ನೋಡಿದ. ಮುಖ ಬಿಳಿಚಿಕೊಂಡಿತು. ಆಮೇಲೆ ಪಟ್ಟಿಯಿಲ್ಲದ ಪ್ರೊಪೆಲ್ಲರ್ ನೋಡಿದ.

“ನಿಮಗೆ ಯಾವಾಗ ಗೊತ್ತಾಯ್ತು ಅಣ್ಣ?”

“ಆಗಲೇ. ಚೀಫ್ ಚಹಾಕ್ಕೆ ಹೋಗಿದ್ದಾಗ.” ಸುಳ್ಳು ಹೇಳಲು ಕಿವಿಯಣ್ಣನ ನಾಲಿಗೆ ಏಳಲಿಲ್ಲ.

ಕೂಗು ಕೇಳಿ ಚೀಫ್ ಓಡಿ ಬಂದರು. “ಏನ್ರಪ್ಪಾ ಗಲಾಟೆ?”

ಷಡ್ಡಕ ಕಿವಿಯಣ್ಣನ ಮುಖವನ್ನೇ ನೋಡುತ್ತ, “ತಪ್ಪು ನಂದೇ ಸಾರ್. ಜಾಲರಿ ಸೇರಿಸೋದು ಮರೆತಿದ್ದೆ. ಅಣ್ಣ ಕೂಗದೇ ಇದ್ದಿದ್ರೆ ಇವತ್ತು ನನ್ನ ಕೈ ಹೋಗ್ತಿತ್ತು,” ಎಂದ. ಪಟ್ಟಿಯ ಮಾತೆತ್ತಲಿಲ್ಲ.

ಚೀಫ್ ಎಲ್ಲರೆದುರು ಕಿವಿಯಣ್ಣನ ಬೆನ್ನು ತಟ್ಟಿದರು. ಷಡ್ಡಕ ಆಗಲೇ ಸ್ಪ್ಯಾನರ್ ಹಿಡಿದು ಎಂಜಿನ್ನಿಗೆ ಬಗ್ಗಿದ್ದ. “ಅಣ್ಣ, ಸ್ವಲ್ಪ ಟಾರ್ಚ್ ಹಿಡೀತೀರಾ?” ಎಂದ.

ಕಿವಿಯಣ್ಣ ಹಿಡಿದ. ಇವನ ಜಾಗದಲ್ಲಿ ನಾನಿದ್ದಿದ್ದರೆ ಪಟ್ಟಿ ಕಟ್ಟದ ವಿಷಯ ಚೀಫ್‌ಗೆ ಹೇಳಿಯೇಬಿಡುತ್ತಿದ್ದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅವನ ಹೊಟ್ಟೆ ಎಂದೂ ಉರಿಯದಷ್ಟು ಉರಿಯಿತು.