ತುಳಸಿರಾಮನ ಶಾಲು

ನಾರಾಯಣಖೇಡದಲ್ಲಿ ತುಳಸಿರಾಮನದು ದನದ ಔಷಧಿ ಅಂಗಡಿ. ಸರಿತಾ ದನದ ಡಾಕ್ಟರಾಗಿ ಬರುವ ಮೊದಲು ಸುತ್ತಲಿನ ಲಂಬಾಣಿ ತಾಂಡಾಗಳಿಗೆಲ್ಲ ಅವನೇ ಡಾಕ್ಟರು. ಮೇಕೆ ಕೆಮ್ಮಿದರೂ ಅವನನ್ನೇ ಕೇಳಬೇಕು. ಈಗ ಅವಳ ಚೀಟಿ ಹಿಡಿದು ಬರುತ್ತಾರೆ. ಇವನು ಬಾಯಿ ಮುಚ್ಚಿಕೊಂಡು ಬಾಟಲಿ ತೆಗೆದುಕೊಡಬೇಕು.

ಸರಿತಾಳ ಅಪ್ಪ ಶಿವರಾಯ ಕುರುಬ, ಅವ್ವ ತಾಂಡಾದವಳು. ಬಂದ ವರ್ಷ ಕುರುಬರು "ತಾಂಡಾದಾಕಿ" ಎಂದರು, ತಾಂಡಾದವರು "ಕುರುಬರ ಹುಡುಗಿ" ಎಂದರು. ಯಾರೂ ಸೂಜಿ ಚುಚ್ಚಗೊಡಲಿಲ್ಲ. ಆ ವರ್ಷ ತುಳಸಿರಾಮನಿಗೆ ಒಳ್ಳೆಯ ನಿದ್ದೆ.

ಅವಳು ಮಾತ್ರ ಗುಡ್ಡ ನೋಡುತ್ತಿದ್ದಳು. ತಾಂಡಾದ ಮೇಕೆ, ಕುರುಬರ ಕುರಿ ಮೇಯುವುದು ಒಂದೇ ಕಡೆ. ಒಂದು ಹಿಂಡಿಗೆ ಲಸಿಕೆ ಹಾಕಿ ಇನ್ನೊಂದನ್ನು ಬಿಟ್ಟರೆ ಬೇನೆ ತಿರುಗಿ ಬರುತ್ತದೆ. ಅಪ್ಪನ ಭಾಷೆಯಲ್ಲಿ ಕುರುಬರನ್ನು, ಅವ್ವನ ಭಾಷೆಯಲ್ಲಿ ತಾಂಡಾದವರನ್ನು ಒಪ್ಪಿಸಿ, ಒಂದೇ ಮುಂಜಾನೆ ಎರಡೂ ಹಿಂಡುಗಳನ್ನು ಒಂದೇ ಬಾವಿಯ ಬಳಿ ನಿಲ್ಲಿಸಿ ಲಸಿಕೆ ಹಾಕಿದಳು. ಆ ಮಳೆಗಾಲ ಬೇನೆ ಬರಲಿಲ್ಲ. ತುಳಸಿರಾಮನ ನಿದ್ದೆ ಹೋಯಿತು.

ಹದಿನಾಲ್ಕು ವರ್ಷದ ಮೇಲೆ ಅವಳಿಗೆ ತಾಂಡೂರಿಗೆ ವರ್ಗವಾಯಿತು. ಬೀಳ್ಕೊಡುವುದರಲ್ಲಾದರೂ ತಾನೇ ಮುಂದಿರಬೇಕೆಂದು ತುಳಸಿರಾಮ ಪೇಟೆಯಲ್ಲೇ ದೊಡ್ಡ ಶಾಲು ಆರಿಸಿ ತಾಂಡಾಕ್ಕೆ ಒಯ್ದ. ಹೊದಿಸಿ ಚಪ್ಪಾಳೆಗೆ ಕಾದ. ಅಷ್ಟರಲ್ಲಿ ಮುದುಕಿ ಕೌಶಲ್ಯಾಬಾಯಿ ಸರಿತಾಳ ಕೊರಳಿಗೆ ಬಿದ್ದು, ಗಂಡನ ಮನೆಗೆ ಹೊರಟ ಮಗಳಿಗೆ ಅಳುವಂತೆ ರಾಗವೆಳೆದು ಅಳತೊಡಗಿದಳು. ಒಬ್ಬೊಬ್ಬರಾಗಿ ಹೆಂಗಸರೆಲ್ಲ ಸೇರಿಕೊಂಡರು. ಮೂವತ್ತು ವರ್ಷದಲ್ಲಿ ತನಗಾಗಿ ಇಲ್ಲಿ ಯಾರೂ ಮೂಗು ಕೂಡ ಸೀಟಿದವರಲ್ಲ! ತುಳಸಿರಾಮನ ಹೊಟ್ಟೆ ಉರಿಯಿತು. ತಡೆಯಲಾರದೆ ಅಂದುಬಿಟ್ಟ:

"ಬಾಯಿ, ನಾನೂ ಅಂಗಡಿ ಮುಚ್ಚಿ ಜಹೀರಾಬಾದಿಗಿ ಹೊಂಟೀನಿ."

ಅಳು ನಿಂತಿತು. ಕೌಶಲ್ಯಾಬಾಯಿ ಮುಖ ಒರೆಸಿಕೊಂಡಳು.

"ಖರೇನ್ರಿ ಸೇಠ್? ಯಾವಾಗ್ರಿ?"

ಅವನ ಎದೆ ಹಿಗ್ಗಿತು. "ಇದೇ ತಿಂಗಳಾ."

"ಹಂಗಿದ್ರ ಅಂಗಡಿ ಮುಂದಿನ ಬೆಂಚ್ ನಮಗ ಕೊಟ್ಟು ಹೋಗ್ರಿ. ಮಸ್ತ್ ಅದ."

ತಾಂಡಾವೆಲ್ಲ ನಕ್ಕಿತು. ಸರಿತಾಳೂ ನಕ್ಕಳು. "ಕಾಕಾ, ನೀವು ಎಲ್ಲೂ ಹೋಗಬ್ಯಾಡ್ರಿ. ಹೊಸಾ ಡಾಕ್ಟರ್‌ಗ ಗುಡ್ಡ ತೋರಿಸೋರು ಯಾರ್ರಿ ಮತ್ತ?"

ಹೊಸ ಡಾಕ್ಟರ್! ತುಳಸಿರಾಮನಿಗೆ ಮುಖ ನೋಡದವನ ಮೇಲೂ ಆಗಲೇ ಕಣ್ಣು ಕೆಂಪಾಯಿತು.

ಸರಿತಾ ಬಸ್ಸು ಹತ್ತುವಾಗ ಶಾಲಿನ ಹೆಗಲು ತೊಯ್ದು ತೊಪ್ಪೆಯಾಗಿತ್ತು. ಅಷ್ಟು ಜನರ ಕಣ್ಣೀರು ಬಿದ್ದದ್ದು ತನ್ನ ಶಾಲಿನ ಮೇಲೆಯೇ ಅಲ್ಲವೇ ಎಂದುಕೊಂಡು ತುಳಸಿರಾಮ ಅಂಗಡಿಗೆ ಮರಳಿದ. ಬೆಂಚನ್ನು ಮಾತ್ರ ಎಂಟು ದಿನ ಒಳಗೆಳೆದಿಟ್ಟುಕೊಂಡ.