ಲಿಬಾನಿಯಾಳ ಎಡಗೆನ್ನೆ

ಎರ್ಮೆಲಿನಕ್ಕನಿಗೆ ಸಿಟ್ಟು ಜಾಸ್ತಿ ಎಂದು ನಮ್ಮ ಹೊಳೆದಡದ ಊರು ಪೋರ್ತೊ ದಾ ಪೇನ್ಯಾದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೇಳಲಿ ಬಿಡಿ. ಆ ಸಿಟ್ಟು ಯಾಕೆ ಬಂತು ಎಂದು ಮಾತ್ರ ಒಬ್ಬರ ಬಾಯಲ್ಲೂ ಬರುವುದಿಲ್ಲ. ಅವಳ ಪಕ್ಕದಲ್ಲೇ ತೆಂಗಿನಕಾಯಿ ಮಿಠಾಯಿ ಮಾರಿಕೊಂಡು ಕೂದಲು ಬೆಳ್ಳಗಾದವಳು ನಾನು, ವಾಲ್ದೆಲಿಸಿ. ನಾನು ಹೇಳುತ್ತೇನೆ.

ಹೊಳೆಯ ಕಟ್ಟೆಯ ಮೇಲಿನ ಸಂತೆ ಬಯಲಲ್ಲಿ, ಹುಣಸೆಮರದ ಬುಡದಲ್ಲಿ ಅಕ್ಕನ ಜಾಗ. ಬಿಳಿ ಲಂಗ, ಬಿಳಿ ತಲೆವಸ್ತ್ರ, ಮುಂದೆ ಕೆಂಪು ತಾಳೆ ಎಣ್ಣೆಯ ಬಾಣಲೆ. ಸಿಪ್ಪೆ ತೆಗೆದ ಅಲಸಂದೆಯನ್ನು ರುಬ್ಬಿ, ಈರುಳ್ಳಿ ಹಾಕಿ, ಕೈ ಸೋಲುವವರೆಗೂ ಕಲಸಿ ಅವಳು ಬಿಡುವ ಅಕರಜೆ ವಡೆಗೆ ಆಚೆ ದಡದಿಂದಲೂ ಜನ ಬರುತ್ತಾರೆ. ಮೊದಲ ಒಬ್ಬೆ ಇಯಾನ್ಸಾಗೆ, ಗಾಳಿ ಸಿಡಿಲುಗಳ ತಾಯಿಗೆ. ಆಮೇಲೆ ಗಿರಾಕಿಗೆ. ಒಮ್ಮೆ ನಗರಸಭೆಯ ಅಧ್ಯಕ್ಷನೇ ಕಾರಿಂದಿಳಿದು, ಅವಸರ ಇದೆ, ಮೊದಲನೆಯದು ನನಗೇ ಕೊಡು ಎಂದ. “ಯಾಕಪ್ಪಾ, ನೀನೇನು ಸಿಡಿಲಾ?” ಎಂದಳು. ಅವನು ಹೋಗಿ ಸಾಲಲ್ಲಿ ನಿಂತ.

ಅವಳ ಗಂಡ ಹೊಳೆಯಲ್ಲಿ ದೋಣಿ ನಡೆಸುತ್ತಿದ್ದ. ಸಾಲ್ವಾದೋರ್‌ನಲ್ಲಿ ಯಾವಳನ್ನೋ ಕಟ್ಟಿಕೊಂಡು ದೋಣಿ ಸಮೇತ ಹೋದವನು ತಿರುಗಿ ಬರಲಿಲ್ಲ. ದೋಣಿ ಹೋಯಿತಲ್ಲಾ ಎಂದು ಅಕ್ಕ ಅತ್ತಳು. ಗಂಡನಿಗಾಗಿ ಅತ್ತಿದ್ದನ್ನು ನಾನಂತೂ ಕಾಣೆ. ಹೆಣ್ಣುಮಕ್ಕಳಿಬ್ಬರನ್ನೂ ಆ ಬಾಣಲೆಯ ಮುಂದೆಯೇ ಬೆಳೆಸಿ ದಡ ಸೇರಿಸಿದಳು.

ಆ ಜಾಗ ಅವಳಿಗೆ ಬಂದದ್ದು ತಾಯಿ ಲಿಬಾನಿಯಾಳಿಂದ. ಲಿಬಾನಿಯಾಳನ್ನು ನಾನು ನೋಡಿಲ್ಲ. ನೋಡಿದವರೆಲ್ಲ ಮಣ್ಣಾಗಿದ್ದಾರೆ, ಅಕ್ಕ ಒಬ್ಬಳು ಉಳಿದಿದ್ದಾಳೆ. ಆದರೆ ಆ ತಾಯಿಯ ಎಡಗೆನ್ನೆಯ ಕತೆ ಗೊತ್ತಿಲ್ಲದ ಹಳೇ ಮನೆ ನಮ್ಮೂರಲ್ಲಿ ಇಲ್ಲ. ಆಗೆಲ್ಲ ನಾವು ಕಪ್ಪು ಜನ ಕೂಡಿ ಪೂಜಿಸಿ ಕುಣಿಯುವ ನಮ್ಮ ದೇವರ ಮನೆಯಲ್ಲಿ ಡೋಲು ಬಾರಿಸಿದರೆ ಅಪರಾಧ. ಒಂದು ಹಬ್ಬದ ದಿನ ಪೊಲೀಸರು ಕುದುರೆ ಹತ್ತಿ ಬಂದರು, ಡೋಲು ಒಡೆಯಲಿಕ್ಕೆ. ಲಿಬಾನಿಯಾ ಬಾಗಿಲ ಚೌಕಟ್ಟಿಗೆ ಎರಡೂ ಕೈ ಕೊಟ್ಟು ನಿಂತುಬಿಟ್ಟಳು. ಕುದುರೆಯ ಮೇಲಿದ್ದವನು ಚಾಟಿ ಬೀಸಿದ. ಕಿವಿಯಿಂದ ತುಟಿಯ ಕೊನೆಯವರೆಗೆ ಕೆನ್ನೆ ಬಿರಿಯಿತು. ಅವಳು ಬಾಗಿಲು ಬಿಡಲಿಲ್ಲ. ಅಷ್ಟರಲ್ಲಿ ಒಳಗಿದ್ದವರು ಹಿತ್ತಲಿನಿಂದ ಡೋಲುಗಳನ್ನು ಹೊಳೆ ದಾಟಿಸಿದ್ದರು. ಗಾಯ ಮಾಯುವ ಮೊದಲೇ ಸಂತೆಗೆ ಬಂದು ಕೂತಳಂತೆ. ತಲೆವಸ್ತ್ರದಿಂದ ಮುಖ ಮುಚ್ಚಿಕೋ ಮಾರಾಯ್ತಿ ಎಂದವರಿಗೆ ಅವಳು ಕೊಟ್ಟ ಉತ್ತರ ಈಗಲೂ ನಮ್ಮೂರಿನ ಗಾದೆ: “ಕೊಟ್ಟವನು ಮುಚ್ಚಿಕೊಳ್ಳಲಿ.”

ಎರ್ಮೆಲಿನಾ ಹುಟ್ಟಿದ್ದು ಆಮೇಲೆ. ಚಿಕ್ಕವಳಿದ್ದಾಗ ಆ ಗಾಯದ ಗೆರೆಯ ಮೇಲೆ ಬೆರಳಾಡಿಸದೆ ತನಗೆ ನಿದ್ದೆಯೇ ಹತ್ತುತ್ತಿರಲಿಲ್ಲ ಎಂದು ಎಷ್ಟೋ ಸಲ ನನ್ನ ಬಳಿ ಹೇಳಿದ್ದಾಳೆ.

ತಾಯಿಯ ಫೋಟೋ ಎಂದು ಇದ್ದದ್ದು ಒಂದೇ. ಬೀದಿ ಫೋಟೋದವನು ತೆಗೆದದ್ದು, ಬೆಂಕಿಪೊಟ್ಟಣದಷ್ಟು, ಕಪ್ಪು ಬಿಳುಪು. ನಡುವೆ ಮಡಿಕೆ ಬಿದ್ದು, ಮಂಜು ಮಂಜಾಗಿ, ಒಂದು ಮೂಲೆಯನ್ನು ಜಿರಲೆ ತಿಂದು ಹೋಗಿತ್ತು. ಆದರೂ ಎಡಗೆನ್ನೆಯ ಮೇಲೆ ಆ ಬಿಳಿಯ ಗೆರೆ ಕಾಣುತ್ತಿತ್ತು. ಕತ್ತಿನಲ್ಲಿ ಮಣಿಸರವೂ. ಫೋಟೋದಲ್ಲಿ ಬಣ್ಣ ಇಲ್ಲದಿದ್ದರೇನು, ಇಯಾನ್ಸಾಳ ಮಗಳು ಎನಿಸಿಕೊಂಡ ಭಕ್ತೆ ಹಾಕಿಕೊಳ್ಳುವ ಮಣಿ ಯಾವ ಬಣ್ಣದ್ದು ಎಂದು ನಮ್ಮಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಕಂದುಗೆಂಪು.

ಇಂಥ ಫೋಟೋವನ್ನು ಕೇಳಿಕೊಂಡು ಹೆನಿಲ್ಸನ್ ಬಂದ. ನಗರಸಭೆಯ ಸಂಸ್ಕೃತಿ ಕಚೇರಿಯ ಮುಖ್ಯಸ್ಥ. ಇದೇ ಬೀದಿಯವನು, ನನ್ನ ಮಿಠಾಯಿ ಕದ್ದು ತಿಂದು ಬೆಳೆದವನು. ಈಗ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತು. ಸಂತೆಯ ಗೋಡೆಗೆ ದೊಡ್ಡ ಚಿತ್ರ ಬರುತ್ತದಂತೆ, ಮೆರುಗಿನ ಬಣ್ಣದ ಹೆಂಚಿನ ಮೇಲೆ, ಆವಿಗೆಯಲ್ಲಿ ಸುಟ್ಟು. ಊರಿನ ಹಳೆಯ ವಡೆ ಮಾರುವ ತಾಯಂದಿರ ಮುಖಗಳು. ನೂರು ವರ್ಷ ಕಳೆದರೂ ಮಾಸುವುದಿಲ್ಲವಂತೆ.

“ಫೋಟೋ ಕೊಡಲ್ಲ,” ಎಂದಳು ಅಕ್ಕ.

“ಅಮ್ಮಾ, ನಿಮ್ಮ ತಾಯಿ ಇಲ್ಲದೆ ಆ ಗೋಡೆಗೆ ಏನು ಕಳೆ ಇರತ್ತೆ ಹೇಳಿ. ನಾಳೇನೇ ವಾಪಸ್ ತಂದ್ಕೊಡ್ತೀನಿ. ಈಗ ಎಐ ಅಂತ ಬಂದಿದೆ, ಎಂಥ ಹಾಳು ಫೋಟೋನೂ ಹೊಸದು ಮಾಡತ್ತೆ. ನಾವು ಬೇರೆ ಏನೂ ಮಾಡಲ್ಲ. ಧೂಳು ಒರೆಸ್ತೀವಿ, ಅಷ್ಟೇ.”

ಅವಳು ನನ್ನ ಮುಖ ನೋಡಿದಳು. ನಾನು ಹೇಳಿದೆ: “ಕೊಡಕ್ಕಾ, ನಮ್ಮ ತಲೆ ಹೋದಮೇಲೆ ಅವರ ಮುಖ ಯಾರಿಗೆ ಗೊತ್ತಿರತ್ತೆ?” ಅದು ಅವಳಿಗೆ ನಾಟಿತು. ತಾಯಿಯ ಮುಖ ತನ್ನ ಕಣ್ಣಿನ ಜೊತೆ ಮುಚ್ಚಿಹೋಗಬಾರದು, ಅವಳಿಗೆ ಬೇಕಾಗಿದ್ದದ್ದು ಅದೊಂದೇ. ರವಿಕೆಯ ಒಳಗಿನಿಂದ ಫೋಟೋ ತೆಗೆದು ಕೊಟ್ಟಳು.

ಹೇಳಿದ ಹಾಗೆ ಮರುದಿನ ಫೋಟೋ ತಂದುಕೊಟ್ಟ, ಅದರಲ್ಲಿ ಸುಳ್ಳಿಲ್ಲ. ಕೆಲವು ದಿನ ಬಿಟ್ಟು, ಹೊಸದು ಮಾಡಿದ್ದನ್ನು ಹಾಳೆಯಷ್ಟು ದೊಡ್ಡದಾಗಿ ಅಚ್ಚು ಹಾಕಿಸಿ, ಹಲ್ಲು ಕಿರಿಯುತ್ತಾ ಬಂದ. ಸಾಲಲ್ಲಿ ನಿಂತವರೆಲ್ಲ ಕತ್ತು ಚಾಚಿದರು. ಅಬ್ಬಾ, ಎಷ್ಟು ಲಕ್ಷಣ, ಎಷ್ಟು ಸ್ಪಷ್ಟ ಎಂದರು. ರೆಪ್ಪೆಯ ಒಂದೊಂದು ಕೂದಲೂ ಎಣಿಸುವ ಹಾಗಿತ್ತು.

ಅಕ್ಕ ಬಾಣಲೆಯ ಉರಿ ತಗ್ಗಿಸಿ, ಕೈ ಒರೆಸಿಕೊಂಡು ನೋಡಿದಳು.

“ಯಾರಿವಳು?”

ಹೆನಿಲ್ಸನ್ ನಕ್ಕ. “ನಿಮ್ಮ ತಾಯಿ, ಅಮ್ಮಾ!”

“ನನ್ನ ತಾಯಿ ಕಪ್ಪು ಕಾಫಿ ಕಣೋ. ನೀನು ಅರ್ಧ ಲೋಟ ಹಾಲು ಸುರಿದಿದ್ದೀಯ. ಈ ಮೂಗು ಯಾರದು? ಕತ್ತಲ್ಲಿ ಇದೇನಿದು, ಮುತ್ತಿನ ಸರ? ಅವಳೇನು ತೋಟದ ಧಣಿಯ ಹೆಂಡ್ತೀನಾ? ಗಾಯ ಎಲ್ಲಿ?”

“ಯಾವ ಗಾಯ?”

ಯಾವ ಗಾಯ ಅಂತೆ! ಈ ಬೀದಿಯಲ್ಲಿ ಹುಟ್ಟಿ ಯಾವ ಗಾಯ ಎಂದು ಕೇಳಿದ. ಆಮೇಲೆ ಹಣೆ ಬಡಿದುಕೊಂಡ. ಅಯ್ಯೋ, ಯಂತ್ರ ಅದನ್ನು ಫೋಟೋದ ಮಡಿಕೆ ಅಂದುಕೊಂಡಿರಬೇಕು ಎಂದ. ಇರಬಹುದು. ಕಾಗದದ ಮಡಿಕೆ ಯಾವುದು, ಹೆಂಗಸಿನ ಕೆನ್ನೆ ಯಾವುದು ಎಂದು ತಿಳಿಯದ ಯಂತ್ರ ಎರಡನ್ನೂ ಒಂದೇ ಬೀಸಿಗೆ ಒರೆಸಿತ್ತು. ಧೂಳು ಒರೆಸುವುದೆಂದರೆ ಇದು ನೋಡಿ.

ಮರುದಿನ ಅಕ್ಕ ನನ್ನನ್ನೂ ಎಳೆದುಕೊಂಡು ಅವನ ಕಚೇರಿಗೆ ಹೋದಳು. ಎಣ್ಣೆ ವಾಸನೆಯ ಲಂಗದಲ್ಲೇ ಅವನ ಮೆತ್ತನೆ ಕುರ್ಚಿಯಲ್ಲಿ ಕೂತು, “ಗಾಯ ವಾಪಸ್ ಹಾಕು” ಎಂದಳು. ಪಾಪ, ಅವನೂ ಪ್ರಯತ್ನಪಟ್ಟ. ಎಡಗೆನ್ನೆಗೆ ಗಾಯ ಎಂದು ಕಂಪ್ಯೂಟರಿಗೆ ಬರೆದ. ಬಂದವಳ ಗಾಯ ಬಲಗೆನ್ನೆಯಲ್ಲಿತ್ತು. ಮತ್ತೆ ಬರೆದ. ಈ ಸಲ ಗಾಯ ಸರಿ, ಮುಖವೇ ಬೇರೆ ಯಾರದೋ. ಬಣ್ಣ ಕಪ್ಪು ಮಾಡು ಎಂದು ಬರೆದ, ತುಟಿಗೆ ರಂಗು ಹಚ್ಚಿಕೊಂಡು ಹುಡುಗಿಯೊಬ್ಬಳು ಬಂದು ನಕ್ಕಳು. ಒಬ್ಬಳ ಹಿಂದೆ ಒಬ್ಬಳು ಎಷ್ಟು ಹೆಂಗಸರು ಬಂದು ಹೋದರೋ, ಆ ಸಾಲಲ್ಲಿ ಲಿಬಾನಿಯಾ ಮಾತ್ರ ಇಲ್ಲ.

“ಸಾಕು ನಿಲ್ಲಿಸೋ,” ಎಂದಳು ಅಕ್ಕ. “ಆ ಚಿಕ್ಕ ಫೋಟೋನೇ ಹಾಗೇ ಹಾಕು. ಮಂಜಾಗಿದ್ರೆ ಮಂಜಾಗೇ ಇರಲಿ.”

“ಆಗಲ್ಲ ಅಮ್ಮಾ. ಬೇರೆ ಎಲ್ಲಾ ಮುಖಾನೂ ಸ್ಪಷ್ಟ ಇದೆ, ಇದೊಂದು ಕಲೆ ಥರ ಕಾಣತ್ತೆ.” ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. “ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ಉದ್ಘಾಟನೆಗೆ ಪೊಲೀಸ್ ಬ್ಯಾಂಡು ಬರತ್ತೆ. ಹೊರಗಿನ ಜನ ಬರ್ತಾರೆ. ಸಂತೋಷದ ಗೋಡೆ ಮೇಲೆ ಚಾಟಿ ಏಟು ಯಾಕೆ? ಹಾಗೆ ನೋಡಿದ್ರೆ, ಯಂತ್ರ ಮಾಡಿದ್ದು ಒಳ್ಳೇದೇ ಆಯ್ತು. ಯಾರಿಗೆ ಗೊತ್ತಾಗತ್ತೆ?”

ನನ್ನ ಮೈ ಉರಿದು ಹೋಯಿತು. ಯಂತ್ರಕ್ಕೆ ಗೊತ್ತಿರಲಿಲ್ಲ, ಒರೆಸಿತು. ಇವನು ಗೊತ್ತಿದ್ದೂ ಒರೆಸಿದ. ಊರಿಗೆ ಉಪಕಾರ ಮಾಡಬೇಡ, ಹೆಣಕ್ಕೆ ಶೃಂಗಾರ ಮಾಡಬೇಡ ಎನ್ನುತ್ತಾರೆ. ಇವನು ಹೆಣಕ್ಕೆ ಶೃಂಗಾರ ಮಾಡಿ ಅದನ್ನೇ ಊರಿಗೆ ಉಪಕಾರ ಎನ್ನುತ್ತಿದ್ದ. ನಾನು ಬಾಯಿಗೆ ಬಂದದ್ದೆಲ್ಲ ಅಂದೆ, ಇಲ್ಲಿ ಹೇಳುವ ಹಾಗಿಲ್ಲ. ಎರ್ಮೆಲಿನಕ್ಕ ಲಂಗ ಕೊಡವಿಕೊಂಡು ಎದ್ದಳು. ಬೈಯದೆ ಎದ್ದುಬಂದ ಅವಳನ್ನು ಅವತ್ತೇ ಮೊದಲು ನೋಡಿದ್ದು, ನನಗೆ ಭಯವಾಯಿತು.

ಉದ್ಘಾಟನೆ ಶನಿವಾರ, ಸಂತೆಯ ಬೆಳಿಗ್ಗೆ. ತುತ್ತೂರಿ ಊದಿದರು, ಭಾಷಣ ಬಿಗಿದರು. ಅಧ್ಯಕ್ಷ ಹಗ್ಗ ಎಳೆದ, ಬಟ್ಟೆ ಜಾರಿತು. ಸಾಲಾಗಿ ತಾಯಂದಿರ ಮುಖಗಳು, ಎಲ್ಲವೂ ನುಣ್ಣಗೆ, ಎಲ್ಲವೂ ಅಕ್ಕತಂಗಿಯರಂತೆ. ನಡುವೆ ಮುತ್ತಿನ ಸರದ ಹಾಲುಕಾಫಿ ಹೆಂಗಸು, ಕೆಳಗೆ ಲಿಬಾನಿಯಾ ಎಂದು ಹೆಸರು. ಜನ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ.

ಅಕ್ಕ ಬಾಣಲೆ ಇಳಿಸಿ ಎದ್ದಳು. ತಾನು ಕೂರುವ ಮಣೆಯನ್ನು ಗೋಡೆಯ ಹತ್ತಿರ ಒಯ್ದು ಇಟ್ಟಳು. ಮಗಳ ಮನತುಂಬಿ ಬಂದಿದೆ, ಮುತ್ತು ಕೊಡಲು ಹೋಗುತ್ತಿದ್ದಾಳೆ ಎಂದುಕೊಂಡು ಜನ ದಾರಿ ಬಿಟ್ಟರು. ಫೋನುಗಳು ಮೇಲೆದ್ದವು. ಅವಳು ಮಣೆ ಹತ್ತಿ ಲಂಗದ ಜೇಬಿನಿಂದ ತೆಗೆದದ್ದು ಒಂದು ಕಲ್ಲಿನ ಚೂರು. ತಾಯಿ ಅಲಸಂದೆ ಅರೆಯುತ್ತಿದ್ದ ಕಲ್ಲು ಒಡೆದಾಗ ಎತ್ತಿಟ್ಟುಕೊಂಡಿದ್ದ ಚೂರು ಅದು.

ಎಡಗೆನ್ನೆ, ಕಿವಿಯ ಬುಡ. ಅಲ್ಲಿಂದ ಶುರುಮಾಡಿದಳು. ಹೆಂಚಿನ ಮೇಲೆ ಕಲ್ಲು ಕೀರಿದ ಸದ್ದಿಗೆ ಹಲ್ಲು ಜುಮ್ಮೆಂದಿತು. ಮೆರುಗು ಪುಡಿಯಾಗಿ ಅವಳ ಕೈಮೇಲೆ ಉದುರಿತು. ಒಂದೇ ಎಳೆತಕ್ಕೆ ಆಗುವ ಕೆಲಸವಲ್ಲ, ಹೋದಲ್ಲೇ ಹೋಗಿ ತಿಕ್ಕಿದಳು. ಕಣ್ಣು ಮುಚ್ಚಿಕೊಂಡಿದ್ದಳು. ಆ ಗೆರೆಯನ್ನು ಅವಳ ಬೆರಳು ಚಿಕ್ಕಂದಿನಿಂದ ಬಲ್ಲದು.

ಬ್ಯಾಂಡಿನ ಪಕ್ಕದಲ್ಲಿದ್ದ ಪೊಲೀಸಿನವನು ಓಡಿಬಂದ. “ಅಜ್ಜಿ, ಇಳೀರಿ ಕೆಳಗೆ! ಸರ್ಕಾರಿ ಗೋಡೆ ಅದು!”

“ಮುಟ್ಟಿದ್ರೆ ನೋಡು,” ಎಂದಳು, ಕಣ್ಣು ತೆರೆಯದೆಯೇ. “ಅವತ್ತು ನಿಮ್ಮವನು ಕುದುರೆ ಮೇಲೆ ಕೂತು ಗೀರಿದ. ಇವತ್ತು ನಾನು ಮಣೆ ಮೇಲೆ ನಿಂತು ಗೀರ್ತಿದೀನಿ. ಅವನನ್ನ ಹಿಡೀಲಿಲ್ಲ, ನನ್ನ ಹಿಡೀತೀಯಾ?”

ಪೊಲೀಸಿನವನ ಕೈ ಮೇಲೇ ಉಳಿಯಿತು. ಅವನೂ ನಮ್ಮಂತೆ ಕಪ್ಪು ಹುಡುಗ, ಅವನಜ್ಜಿಯೂ ಅದೇ ದೇವರ ಮನೆಯಲ್ಲಿ ಕುಣಿದವಳು. ಕೈ ಇಳಿಸಿ ಪಕ್ಕಕ್ಕೆ ಸರಿದ.

ಹೆನಿಲ್ಸನ್ ಬಿಳಿಚಿಕೊಂಡಿದ್ದ. “ನಾಶ ಮಾಡಿದ್ರಲ್ಲಮ್ಮಾ! ಕೇಸ್ ಹಾಕ್ಬೇಕಾಗತ್ತೆ, ಗೊತ್ತಾ?”

“ಹಾಕೋ. ನನ್ನ ಹೆಸರು ಬರ್ಕೋ. ಆದ್ರೆ ಮೊದಲು ಗೀರಿದವನ ಹೆಸರನ್ನ ಮೇಲೆ ಬರಿ. ಯಾರಿಗೆ ಗೊತ್ತಾಗತ್ತೆ ಅಂದ್ಯಲ್ಲ, ಈಗ ಗೊತ್ತಾಗತ್ತೆ.”

ಕೇಸು ಬರಲಿಲ್ಲ. ಬಂದರೆ ಮೊದಲ ಹೆಸರನ್ನೂ ಹುಡುಕಬೇಕಾಗುತ್ತಲ್ಲ. ಹೆಂಚು ಬದಲಿಸುತ್ತೇವೆ ಎಂದರು. ಬದಲಿಸಿ, ಕಲ್ಲು ಇನ್ನೂ ಇದೆ ಎಂದಳು ಅಕ್ಕ. ಆಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ.

ಅವತ್ತು ಮಣೆಯಿಂದ ಇಳಿದು ಬಂದವಳು ಬಾಣಲೆ ಮತ್ತೆ ಒಲೆಗಿಟ್ಟಳು. ಬೆರಳ ತುದಿಯಲ್ಲಿ ರಕ್ತ. ಸೌಟನ್ನು ನಾನು ಕಿತ್ತುಕೊಂಡೆ. “ಗೋಡೆ ಮೇಲಿನವಳು ಈಗ ನಿನ್ನ ತಾಯಿ ಥರಾನೇ ಆದ್ಲು ಬಿಡಕ್ಕಾ,” ಎಂದೆ, ಸಮಾಧಾನಕ್ಕೆ.

“ಎಲ್ಲಿ ಆದ್ಲು?” ಎಂದು ನನ್ನ ಮೇಲೇ ರೇಗಿದಳು. ಗೋಡೆಯ ಮೇಲಿನ ಹೆಂಗಸನ್ನು ನೋಡಿದಳು. ಈ ಬಾರಿ ಅವಳ ಕಣ್ಣಲ್ಲಿ ನೀರಿತ್ತು. “ಅವಳು ಯಾರೋ ಏನೋ, ಪಾಪ. ನನ್ನ ಅಮ್ಮನ ಏಟನ್ನ ಅವಳು ತಿಂದ್ಲು.”