ಬಂಗಾರಪೇಟೆ ಸ್ಟೇಷನ್ನಿನ ಪಾನಕ

ಆಗ ಬಂಗಾರಪೇಟೆಗೆ ರೈಲು ಬಂದರೆ ಅರ್ಧ ಊರಿಗೇ ಗೊತ್ತಾಗುತ್ತಿತ್ತು. ಸ್ಟೇಷನ್ ಪಕ್ಕದ ನಮ್ಮ ಮನೆಯಲ್ಲಂತೂ ಅಟ್ಟದ ಪಾತ್ರೆಗಳೇ ಗಲಗಲ ಎನ್ನುತ್ತಿದ್ದವು. ಅಪ್ಪ ಮಿಲಿಟರಿಯಿಂದ ಬಂದು ಚಿನ್ನದ ಗಣಿಯಲ್ಲಿ ಕಾವಲಿನ ಕೆಲಸಕ್ಕೆ ಸೇರಿದ್ದರು. ಯೂನಿಫಾರಂ ಬಿಚ್ಚಿದ್ದರೂ ಮಿಲಿಟರಿ ಮಾತ್ರ ಅವರನ್ನು ಬಿಟ್ಟಿರಲಿಲ್ಲ. ಮಕ್ಕಳು ನಾವು ಹಲ್ಲುಜ್ಜುವುದಕ್ಕೂ ಸಾಲಾಗಿ ನಿಲ್ಲಬೇಕಿತ್ತು.

ರಾಮನವಮಿ ಬಂತೆಂದರೆ ಅಪ್ಪನ ಸಡಗರ ಹೇಳತೀರದು. ಯುದ್ಧಕ್ಕೆ ಹೋಗುವಾಗ ಯಾವುದೋ ಸ್ಟೇಷನ್ನಿನಲ್ಲಿ ಯಾರೋ ಮುದುಕಿ ರೈಲಿನ ಕಿಟಕಿಗೇ ನೀರು ತಂದುಕೊಟ್ಟಿದ್ದಳಂತೆ. ಬದುಕಿ ಬಂದರೆ ಪ್ರತಿ ರಾಮನವಮಿಗೂ ರೈಲಿನವರಿಗೆ ಪಾನಕ ಕೊಡುತ್ತೇನೆಂದು ಅಪ್ಪ ಅಲ್ಲೇ ಹರಕೆ ಹೊತ್ತಿದ್ದರು. ಹರಕೆ ಅವರದು, ದುಡಿಮೆ ನಮ್ಮೆಲ್ಲರದು! ಅಮ್ಮ ಬೆಲ್ಲ ಕುಟ್ಟುತ್ತಿದ್ದಳು, ನಾನು ಮೆಣಸು, ಏಲಕ್ಕಿ ಪುಡಿ ಮಾಡುತ್ತಾ ಸೀನುತ್ತಿದ್ದೆ, ಬೀದಿಯವರು ನಿಂಬೆಹಣ್ಣು ತಂದುಕೊಡುತ್ತಿದ್ದರು. ಮನೆಯೆಲ್ಲ ಘಮಘಮ. ಕದ್ದು ಒಂದು ಗುಟುಕು ಕುಡಿಯೋಣವೆಂದರೆ ಅಪ್ಪನ ತಾಯಿ, ನಮ್ಮ ಅಜ್ಜಿ, ಪಕ್ಕದಲ್ಲೇ ಕೂತಿರುತ್ತಿದ್ದಳು. ನೈವೇದ್ಯವಾಗುವ ತನಕ ಅದು ರಾಮನದು.

ಆ ವರ್ಷವೂ ಪ್ಲಾಟ್‌ಫಾರಮ್ಮಿನ ಕೊನೆಯ ಹೊಂಗೆಮರದಡಿ ರಾಮನ ಪಟ ಇಟ್ಟು, ಕೊಳಗದ ತುಂಬ ಪಾನಕ ಮಾಡಿಕೊಂಡು ಕಾದೆವು. ಪೂಜೆಯ ಅಯ್ನೋರು ಬೂದಿಕೋಟೆಯಿಂದ ಬರಬೇಕು, ಬಸ್ಸಿನ ಸುಳಿವೇ ಇಲ್ಲ. ಅಷ್ಟರಲ್ಲಿ ರೈಲು ಬಂತು. ನೋಡಿದರೆ ಬರೀ ಸಿಪಾಯಿಗಳು! ಇನ್ನೂ ಮೀಸೆ ಸರಿಯಾಗಿ ಮೂಡದ ಹುಡುಗರು, ಬಿಸಿಲಿಗೆ ಬೆಂದು ಕಿಟಕಿಗಳಿಗೆ ಜೋತುಬಿದ್ದಿದ್ದರು.

ಅಪ್ಪ ಚೊಂಬು ಹಿಡಿದು ಅಜ್ಜಿಯ ಮುಖ ನೋಡಿದರು. "ಅಮ್ಮಾ, ರೈಲು ಒಂಟೋಯ್ತದೆ."

"ನೈವೇದ್ಯ ಆಗ್ದೆ ಎಂಗ್ಲಾ ಕೊಡ್ತೀಯಾ? ಅರಕೆ ಕೆಡ್ತದೆ ಕಣ್ಲಾ!"

ಅಪ್ಪನಿಗೆ ಹರಕೆಯೂ ಬೇಕು, ಆ ಹುಡುಗರೂ ಬೇಕು. ಅಪ್ಪನ ಕಣ್ಣಲ್ಲಿ ನಾನು ನೀರು ಕಂಡದ್ದು ಅವತ್ತೇ ಮೊದಲು. ನನಗೂ ಅಳು ಬಂತು.

ಎದುರಿನ ಕಿಟಕಿಯಿಂದ ಒಬ್ಬ ಹುಡುಗ ಕೈಚಾಚಿ, "ಅಮ್ಮಾ, ನೀಳ್ಳು" ಎಂದು ತೆಲುಗಿನಲ್ಲಿ ನೀರು ಕೇಳಿದ. ಇಂಥದೇ ರೈಲಿಗೆ ಮಗನನ್ನು ಹತ್ತಿಸಿ ಮನೆಗೆ ಬಂದವಳಲ್ಲವೇ ಅಜ್ಜಿ? ಅವನನ್ನೇ ನೋಡಿದಳು. ಆಮೇಲೆ ಪಟಕ್ಕೆ ಕೈಮುಗಿದು, "ರಾಮಾ, ನೀನು ಒಸಿ ತಡ್ಕೋಪ್ಪಾ. ನೀನು ಇಲ್ಲೇ ಇರೋನು, ಇವ್ರು ಓಗೋರು" ಎಂದವಳೇ ತಾನೇ ಕೊಳಗಕ್ಕೆ ಚೊಂಬು ಅದ್ದಿದಳು. "ಏನ್ಲಾ ಕಂಬ ನಿಂತಂಗೆ ನಿಂತಿದ್ದೀಯಾ? ಓಡು!"

ಓಡಿದೆವು ನೋಡಿ! ಅಪ್ಪನ ಲೆಫ್ಟ್ ರೈಟ್ ಎಲ್ಲ ದಿಕ್ಕಾಪಾಲು. ನನ್ನ ಲಂಗವೆಲ್ಲ ಅಂಟಂಟು. ರೈಲು ಹೊರಟಾಗ ನಮ್ಮ ಕೆಲವು ಲೋಟಗಳೂ ಅದರ ಜೊತೆಗೇ ಹೋದವು. ಪಾನಕದಲ್ಲಿ ತೊಯ್ದ ಅಂಗಿಯಲ್ಲೇ ಅಪ್ಪ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರು.

ಕೊನೆಗೂ ಅಯ್ನೋರು ಬೆವರು ಒರೆಸುತ್ತಾ ಬಂದು ಖಾಲಿ ಕೊಳಗವನ್ನು ಇಣುಕಿದರು. "ನೈವೇದ್ಯಕ್ಕೇನಮ್ಮಾ?"

"ಅದಾಗ್ಲೇ ಆಯ್ತು ಸ್ವಾಮಿ. ನೀವು ಮಂಗಳಾರ್ತಿ ಮಾಡಿ" ಎಂದಳು ಅಜ್ಜಿ.

ಅಜ್ಜಿ, ಅಪ್ಪ ಇಬ್ಬರೂ ಹೋದರು. ಅವರ ಜೊತೆಗೆ ಇನ್ನೂ ಏನೋ ಹೋಯಿತು. ಮೊನ್ನೆ ಮೊಮ್ಮಗಳನ್ನು ಕರೆದುಕೊಂಡು ರೈಲಿನಲ್ಲಿ ಬರುತ್ತಿದ್ದೆ. ಎದುರಿಗೆ ಕೂತಿದ್ದ ಹೆಂಗಸು ಮಗುವಿಗೆ ಕಿತ್ತಳೆ ತೊಳೆ ನೀಡಿದಳು. "ಗೊತ್ತಿಲ್ಲದವರ ಕೈಲಿ ಏನೂ ಈಸ್ಕೋಬಾರದು ಪುಟ್ಟಿ" ಎಂದು ನಾನೇ ತಡೆದೆ. ಆ ಹೆಂಗಸು ಕೈ ಹಿಂದಕ್ಕೆ ತೆಗೆದುಕೊಂಡಳು. ಬಂಗಾರಪೇಟೆ ಬಂದಾಗ ನಾನು ಕಿಟಕಿಯಿಂದ ಆ ಹೊಂಗೆಮರವನ್ನು ಹುಡುಕಿದೆ.